ಗ್ರಂಥಾಲಯದಲ್ಲಿ ಆಯ್ಕೆಯ ಧರ್ಮ

ಗ್ರಂಥಾಲಯಕ್ಕೆ ಬಂದ ವಾಚಕನ ಕೈಗೆ ಯಾವ ಪುಸ್ತಕವು ಸೇರಬೇಕೆಂಬುದನ್ನು ನಿರ್ಣಯಿಸತಕ್ಕವರು ಯಾರು? ಮೇಲ್ನೋಟಕ್ಕೆ ಇದು ವ್ಯವಸ್ಥೆಯ ಪ್ರಶ್ನೆ. ವಿಚಾರಿಸಿದರೆ ಧರ್ಮದ ಪ್ರಶ್ನೆ.

ಜಯನಗರ, ಬನಶಂಕರಿ ಮೊದಲಾದ ಬಡಾವಣೆಗಳ ಗ್ರಂಥಾಲಯಗಳಿಗೆ ಬರುವವರೆಲ್ಲರೂ ಪುಸ್ತಕದ ಹೆಸರನ್ನು ನಿಶ್ಚಯಿಸಿಕೊಂಡು ಬರುವವರಲ್ಲ. ಪರೀಕ್ಷೆಗಾಗಿ ಪಂಪನನ್ನು ಅರಸಿ ಬಂದ ವಿದ್ಯಾರ್ಥಿಯು ಮಗ್ಗುಲಲ್ಲಿದ್ದ ರನ್ನನನ್ನು ತೆರೆದು, ನಿಂತಲ್ಲಿಯೇ ನಾಲ್ಕು ಪುಟ ಓದಿ, ಅವನನ್ನೂ ಮನೆಗೆ ಒಯ್ಯುವುದುಂಟು. ಬೀರುವಿಗೆ ಬೀಗ ಹಾಕಿದಲ್ಲಿ ಈ ಭಾಗ್ಯವಿಲ್ಲ. ಹೆಸರನ್ನೇ ಅರಿಯದ ಪುಸ್ತಕವನ್ನು ಯಾರು ತಾನೆ ಕೇಳಬಲ್ಲರು?

1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯಶಾಸ್ತ್ರದ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ಐದು ಸೂತ್ರಗಳನ್ನು ಪ್ರಕಟಿಸಿದ್ದರು. ಪುಸ್ತಕಗಳಿರುವುದು ಉಪಯೋಗಕ್ಕೆಂಬುದು ಅವುಗಳಲ್ಲಿ ಮೊದಲನೆಯದು. ಪ್ರತಿಯೊಂದು ಪುಸ್ತಕಕ್ಕೂ ಅದರ ವಾಚಕನು ದೊರೆಯಬೇಕೆಂಬುದು ಮೂರನೆಯದು. ಈ ಮೂರನೆಯದು ನೆರವೇರಲೆಂದೇ ಅವರು ತೆರೆದ ಕಪಾಟನ್ನು ಬಯಸಿದರು.

ತೆರೆದಿಟ್ಟರೆ ಪುಸ್ತಕಗಳು ಕಳವಾಗುವುವೆಂದು ಕೆಲವರ ಆಕ್ಷೇಪ. ಆಗಬಹುದು. ಆದರೆ ಒಬ್ಬ ಕಳ್ಳನ ಭಯದಿಂದ ನೂರು ಮಂದಿ ಸಜ್ಜನರನ್ನು ಶಂಕಿಸುವುದು ನ್ಯಾಯವಲ್ಲ. ಜನರು ಪ್ರೇಯಸ್ಸನ್ನೇ ಆರಿಸುವರು, ಶ್ರೇಯಸ್ಸನ್ನಲ್ಲ ಎಂಬುದು ಇನ್ನೊಂದು ಆಕ್ಷೇಪ. ಇದು ಹೆಚ್ಚು ಗಹನವಾದುದು. ಕಠೋಪನಿಷತ್ತಿನ ಯಮನು ನಚಿಕೇತನಿಂದ ಪ್ರೇಯಸ್ಸನ್ನು ಮುಚ್ಚಿಡಲಿಲ್ಲ, ಎಲ್ಲವನ್ನೂ ಮುಂದಿರಿಸಿದನು. ಬಾಲಕನು ತಾನಾಗಿ ಅದನ್ನು ಬಿಟ್ಟುದರಿಂದಲೇ ಅವನ ಆಯ್ಕೆಗೆ ಬೆಲೆ ಬಂದಿತು. ಬಲಾತ್ಕಾರದಿಂದ ಕೊಟ್ಟ ಸದ್ಗ್ರಂಥವು ಕೈಯಲ್ಲಿರುವುದೇ ಹೊರತು ಮನಸ್ಸಿನಲ್ಲಿ ನಿಲ್ಲದು.

ಆದುದರಿಂದ ಕೇಳಿದಾಗ ದಾರಿ ತೋರುವುದು ಗ್ರಂಥಪಾಲಕನ ಧರ್ಮ. ಆರಿಸುವುದು ವಾಚಕನ ಅಧಿಕಾರ. ಅಧಿಕಾರವುಳ್ಳವನಿಗೆ ಋಣವೂ ಉಂಟು: ತೆಗೆದ ಪುಸ್ತಕವನ್ನು ಹಾಳುಮಾಡದೆ, ಮುಂದೆ ಬರುವ ಅಪರಿಚಿತನಿಗಾಗಿ ಹಿಂದಿರುಗಿಸುವುದು.