ಸೋತವನ ಸಂಶಯ

ಅಂತರಜಾಲದ ಪೋಕರಿನಲ್ಲಿ ಸೋತವನು ಮೊದಲು ಆಡುವ ಮಾತು ‘ಇದರಲ್ಲೇನೋ ಮೋಸವಿದೆ’ ಎಂಬುದು. ಗೆದ್ದವನು ಹಾಗೆಂದುದನ್ನು ನಾನಂತೂ ಕೇಳಿಲ್ಲ. ಒಳ್ಳೆಯ ಎಲೆ ಬಿದ್ದರೆ ನಮ್ಮ ಜಾಣತನ, ಕೆಟ್ಟದ್ದು ಬಿದ್ದರೆ ಯಂತ್ರದ ಕುಟಿಲ!

ಹಾಗೆಂದು ಸೋತವನ ಸಂಶಯವನ್ನು ನಕ್ಕು ತಳ್ಳುವಂತಿಲ್ಲ. ಅಬ್ಸೊಲ್ಯೂಟ್ ಪೋಕರ್ ಎಂಬ ತಾಣದಲ್ಲಿ ಎದುರಾಳಿಗಳ ಮುಚ್ಚಿದ ಎಲೆಗಳನ್ನು ನೋಡಿಕೊಂಡು ಆಡುತ್ತಿದ್ದವರಿದ್ದರೆಂಬುದು 2007ರಲ್ಲಿ ಬಯಲಾಯಿತು. ಅದನ್ನು ಹೊರಗೆಡಹಿದವರು ಆಟಗಾರರೇ. ಅವರು ಗೊಣಗಿ ಸುಮ್ಮನಾಗದೆ, ಆಡಿದ ಆಟಗಳ ದಾಖಲೆಯನ್ನು ತರಿಸಿ ಒಂದೊಂದಾಗಿ ಪರಿಶೀಲಿಸಿದರು.

ಆದರೆ ಎಲೆಗಳು ನೇರವಾಗಿ ಬಿದ್ದ ಮಾತ್ರಕ್ಕೆ ಆಟ ನ್ಯಾಯವಾಯಿತೆ? ಪೋಕರಿನಲ್ಲಿ ಆಟಗಾರರು ಒಬ್ಬರ ಹಣವನ್ನೊಬ್ಬರು ಗೆಲ್ಲುತ್ತಾರೆ. ಒಡ್ಡಿದ ಮೊತ್ತದಲ್ಲಿ ತಾಣದವರು ತಮ್ಮ ಪಾಲನ್ನು ತೆಗೆದುಕೊಳ್ಳುತ್ತಾರೆ. ಹತ್ತು ಮಂದಿ ನೂರು ನೂರು ರೂಪಾಯಿ ತಂದು ಕುಳಿತರೆ, ಏಳುವಾಗ ಎಲ್ಲರ ಹಣ ಸೇರಿಸಿದರೂ ಸಾವಿರವಾಗದು. ಇದು ನಿಯಮದಲ್ಲೇ ಬರೆದಿರುವ ಮಾತು. ಗುಟ್ಟಿನ ಮೋಸವನ್ನು ಹುಡುಕುವವರು ಈ ಬಹಿರಂಗದ ಲೆಕ್ಕವನ್ನು ಓದುವುದಿಲ್ಲ.

ನಮ್ಮ ಸಂಸತ್ತು 2025ರಲ್ಲಿ, ಅದೃಷ್ಟದ ಆಟ ಕೌಶಲದ ಆಟ ಎಂಬ ಭೇದವೆಣಿಸದೆ, ಹಣವೊಡ್ಡುವ ಜಾಲದಾಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಆದರೂ ಪ್ರಶ್ನೆ ಕಾಯಿದೆಗಿಂತ ಹಳೆಯದು. ಧರ್ಮರಾಯನ ಜೂಜನ್ನು ನೆನೆದಾಗಲೆಲ್ಲ ನಾವು ಶಕುನಿಯ ದಾಳಗಳನ್ನು ಶಪಿಸುತ್ತೇವೆ. ದಾಳ ಶುದ್ಧವಾಗಿದ್ದಿದ್ದರೆ ತಮ್ಮಂದಿರನ್ನೂ ಹೆಂಡತಿಯನ್ನೂ ಪಣಕ್ಕಿಟ್ಟದ್ದು ಸರಿಯಾಗುತ್ತಿತ್ತೆ? ಯಂತ್ರ ಪ್ರಾಮಾಣಿಕವೆ ಎಂಬುದನ್ನು ಬಲ್ಲವರು ಪರೀಕ್ಷಿಸಿ ಹೇಳಬಹುದು. ಯಾವುದನ್ನು ಒಡ್ಡಬಾರದು ಎಂಬುದನ್ನು ಆಡಲು ಕುಳಿತವನೇ ತನ್ನನ್ನು ಕೇಳಿಕೊಳ್ಳಬೇಕು.