ಬೆಕ್ಕಿಗೆ ಹಗ್ಗ: ಕಟ್ಟಿದವನ ಹೊಣೆ ಎಲ್ಲಿಯವರೆಗೆ?

ಬೆಕ್ಕಿನ ಮೈಗೆ ಪಟ್ಟಿ ಬಿಗಿದು, ಅದಕ್ಕೊಂದು ಹಗ್ಗ ಸಿಕ್ಕಿಸಿ ಬೀದಿಯಲ್ಲಿ ನಡೆಸಿಕೊಂಡು ಹೋಗುವುದು ಸರಿಯೇ? ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಬೆಕ್ಕು ಮನೆಯಲ್ಲಿರುತ್ತಿತ್ತು, ಆದರೆ ಯಾರ ಕೈಯಲ್ಲೂ ಇರುತ್ತಿರಲಿಲ್ಲ. ಒಲೆಯ ಬದಿಯಲ್ಲಿ ಮಲಗುತ್ತಿತ್ತು, ಹಿತ್ತಲಲ್ಲಿ ಇಲಿ ಹಿಡಿಯುತ್ತಿತ್ತು, ನೆರೆಮನೆಯ ಹಾಲಿಗೆ ಬಾಯಿ ಹಾಕಿ ಬೈಸಿಕೊಳ್ಳುತ್ತಿತ್ತು. ಎರಡು ದಿನ ಕಾಣದೆ ಹೋದರೂ ಮೂರನೆಯ ದಿನ ಬಾಗಿಲಲ್ಲಿ ನಿಂತು ಕೂಗುತ್ತಿತ್ತು.

ಈಗ ಊರುಗಳೇ ಬದಲಾಗಿವೆ. ಕೋಲಾರದಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ರಸ್ತೆಯಲ್ಲಿರುವ ವೇಮಗಲ್ಲನ್ನೇ ನೋಡಿ. ರಾಗಿ, ಟೊಮೆಟೊ, ಹಿಪ್ಪುನೇರಳೆಯ ಸೀಮೆ ಅದು. ಇಂದು ಅಲ್ಲಿ ಕೈಗಾರಿಕಾ ಪ್ರದೇಶವಿದೆ. ಏರ್‌ಬಸ್ ಎಚ್125 ಹೆಲಿಕಾಪ್ಟರ್‌ಗಳನ್ನು ಜೋಡಿಸಲು ಟಾಟಾ ಸಂಸ್ಥೆ 2025ರಲ್ಲಿ ಆರಿಸಿಕೊಂಡ ಸ್ಥಳ ಇದೇ ವೇಮಗಲ್. ಅದೇ ತಾಲ್ಲೂಕಿನ ನರಸಾಪುರದಲ್ಲಿ 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಆರಂಭವಾಯಿತು. ಇಂಥ ಕಡೆಗಳಿಗೆ ದೂರದ ಜಿಲ್ಲೆಗಳಿಂದ ಮೂರು ತಿಂಗಳು, ಆರು ತಿಂಗಳ ಕೆಲಸಕ್ಕೆಂದು ಬಂದು ಬಾಡಿಗೆ ಕೋಣೆ ಹಿಡಿಯುವ ನಮ್ಮ ಮಕ್ಕಳಿದ್ದಾರೆ. ಅಂಥವನೊಬ್ಬ ತಾನು ಸಾಕಿದ ಮರಿಬೆಕ್ಕನ್ನೂ ಜೊತೆಗೆ ತಂದಿದ್ದಾನೆ ಎಂದಿಟ್ಟುಕೊಳ್ಳಿ. ತುಂಟ ಬೆಕ್ಕು. ಚಪ್ಪಲಿಯ ಪಟ್ಟಿ, ಪರದೆಯ ಅಂಚು, ನಮಾಝಿನಲ್ಲಿ ಕುಳಿತವನ ಕಾಲ್ಬೆರಳು ಎಲ್ಲವೂ ಅದಕ್ಕೆ ಆಟದ ಸಾಮಾನು. ಸಂಜೆ ಶಿಫ್ಟ್ ಮುಗಿಸಿ ಬಂದವನು ಅದನ್ನು ಹಗ್ಗದಲ್ಲಿ ಹಿಡಿದು ಹೊರಗೆ ಕರೆದೊಯ್ಯುತ್ತಾನೆ.

ಕಂಡವರ ಬಾಯಲ್ಲಿ ಎರಡು ಬಗೆಯ ಮಾತು ಬರುತ್ತದೆ. ಒಂದು ನಗು: 'ಇದೇನಪ್ಪಾ, ನಾಯಿಯ ಹಾಗೆ ಬೆಕ್ಕನ್ನು ಎಳೆದುಕೊಂಡು ಹೊರಟೆ!' ಈ ನಗುವಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಬಕ್ರೀದಿಗೆ ತಂದ ಟಗರನ್ನು ನಮ್ಮ ಮಕ್ಕಳು ಹಗ್ಗ ಹಿಡಿದು ಕೇರಿಯೆಲ್ಲ ಸುತ್ತಿಸುವಾಗ ಯಾರೂ ನಗುವುದಿಲ್ಲ. ಎತ್ತಿಗೆ ಮೂಗುದಾರ, ಕರುವಿಗೆ ಕಣ್ಣಿ ಹಾಕಿದರೂ ನಗುವುದಿಲ್ಲ. ರೂಢಿಯಲ್ಲಿ ಇಲ್ಲದ್ದೆಲ್ಲ ತಪ್ಪಾಗುವುದಿಲ್ಲ.

ಎರಡನೆಯ ಮಾತು ಗಂಭೀರವಾದದ್ದು. ಮಸೀದಿಯ ಹಿರಿಯರೊಬ್ಬರು ತಡೆದು ಹೇಳಬಹುದು: 'ಬೇಟಾ, ಬೆಕ್ಕನ್ನು ಕಟ್ಟಿಹಾಕಿದ ಹೆಂಗಸಿಗೆ ಏನಾಯಿತೆಂದು ಗೊತ್ತಿಲ್ಲವೇ?' ಇದಕ್ಕೆ ಉತ್ತರ ಕೊಡಲೇಬೇಕು.

ಆ ಹದೀಸ್ ನಮಗೆಲ್ಲ ಪರಿಚಿತ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಹಝ್ರತ್ ಅಬ್ದುಲ್ಲಾ ಬಿನ್ ಉಮರ್(ರ), ಹಝ್ರತ್ ಅಬೂಹುರೈರಾ(ರ) ಮುಂತಾದವರಿಂದ ಅದು ವರದಿಯಾಗಿದೆ. ಒಬ್ಬ ಹೆಂಗಸು ಒಂದು ಬೆಕ್ಕಿನ ಕಾರಣದಿಂದ ನರಕಕ್ಕೆ ಹೋದಳೆಂದೂ, ಅವಳು ತಾನೂ ಉಣಿಸಲಿಲ್ಲ, ನೆಲದ ಹುಳಹುಪ್ಪಟೆ ತಿಂದು ಬದುಕಲಿ ಎಂದು ಬಿಡಲೂ ಇಲ್ಲವೆಂದೂ ಪ್ರವಾದಿವರ್ಯರು(ಸ) ತಿಳಿಸಿದರು. ಗ್ರಹಣದ ನಮಾಝಿನ ಸಂದರ್ಭದಲ್ಲಿ ಅವರಿಗೆ ಆ ದೃಶ್ಯವನ್ನು ತೋರಿಸಲಾಯಿತೆಂದು ಹಝ್ರತ್ ಅಸ್ಮಾ(ರ) ಅವರ ವರದಿಯಲ್ಲಿದೆ. ಬೆಕ್ಕು ಅವಳನ್ನು ಪರಚುತ್ತಿತ್ತಂತೆ. ಒಂದು ಸಣ್ಣ ಪ್ರಾಣಿಯ ಸಾವು ಸೃಷ್ಟಿಕರ್ತನ ಬಳಿ ಎಷ್ಟು ದೊಡ್ಡ ಪ್ರಕರಣವೆಂದು ತಿಳಿಯಲು ಇದಕ್ಕಿಂತ ಹೆಚ್ಚಿನ ಮಾತು ಬೇಕಿಲ್ಲ.

ಆದರೆ ಅವಳ ಅಪರಾಧ ಯಾವುದು? ಹಗ್ಗವೇ? ಹದೀಸಿನ ಮಾತನ್ನು ಗಮನವಿಟ್ಟು ನೋಡಬೇಕು. ಅವಳ ಮುಂದೆ ಎರಡು ಬಾಗಿಲುಗಳಿದ್ದವು: ಉಣಿಸುವುದು, ಇಲ್ಲವೇ ಬಿಟ್ಟುಬಿಡುವುದು. ಅವಳು ಎರಡನ್ನೂ ಮುಚ್ಚಿದಳು. ಬೆಕ್ಕನ್ನು ಸಾಕುವುದು, ಅದರ ಅನ್ನ ನೀರಿಗೆ ಕೊರತೆಯಾಗದಂತೆ ಕಟ್ಟಿಡುವುದು ಅನುವದನೀಯವೆಂದು ಇದೇ ಹದೀಸಿನಿಂದ ಇಮಾಮ್ ಕುರ್ತುಬಿಯವರು ತಿಳಿದುಕೊಂಡದ್ದನ್ನು ಇಬ್ನು ಹಜರ್(ರಹ) 'ಫತ್‌ಹುಲ್ ಬಾರಿ'ಯಲ್ಲಿ ದಾಖಲಿಸಿದ್ದಾರೆ. ಹೀಗಾಗಿ ಹಗ್ಗ ಕಂಡ ಕೂಡಲೇ ನರಕದ ಮಾತೆತ್ತುವುದು ಹದೀಸಿಗೆ ನ್ಯಾಯ ಮಾಡಿದಂತಾಗುವುದಿಲ್ಲ.

ಇನ್ನೊಂದು ವಿಷಯವಿದೆ. ನನಗೆ ಇದು ಮುಖ್ಯವೆನಿಸುತ್ತದೆ. ಈ ಹದೀಸಿನ ಬೇರೆ ಬೇರೆ ವರದಿಗಳಲ್ಲಿ ಬೇರೆ ಬೇರೆ ಶಬ್ದಗಳಿವೆ. ಒಂದರಲ್ಲಿ 'ಕಟ್ಟಿಹಾಕಿದಳು' ಎಂದಿದ್ದರೆ ಇನ್ನೊಂದರಲ್ಲಿ 'ಕೂಡಿಹಾಕಿದಳು', ಸೆರೆಯಲ್ಲಿಟ್ಟಳು ಎಂಬ ಅರ್ಥದ ಶಬ್ದವಿದೆ. ಈಗ ನಮ್ಮ ಯುವಕನ ದಿನಚರಿಯನ್ನು ನೋಡೋಣ. ಬೆಳಿಗ್ಗೆ ಕಂಪೆನಿ ಬಸ್ಸು ಹತ್ತುವಾಗ ಕೋಣೆಗೆ ಬೀಗ ಹಾಕುತ್ತಾನೆ. ಎಂಟು ಗಂಟೆಯ ಕೆಲಸ, ಹೋಗಿ ಬರುವ ಹೊತ್ತು, ಓಟಿ ಇದ್ದರೆ ಇನ್ನೂ ನಾಲ್ಕು ಗಂಟೆ. ಅಷ್ಟು ಹೊತ್ತೂ ಬೆಕ್ಕು ತಗಡಿನ ಸೂರಿನ ಒಂದೇ ಕೋಣೆಯಲ್ಲಿ, ಮುಚ್ಚಿದ ಕಿಟಕಿಯ ಹಿಂದೆ ಇರುತ್ತದೆ. ಸಂಜೆ ಅರ್ಧ ಗಂಟೆ ಹಗ್ಗದಲ್ಲಿ ಹೊರಗೆ ಬರುತ್ತದೆ. ಬೀದಿಯ ಜನರಿಗೆ ಹಗ್ಗ ಕಾಣುತ್ತದೆ, ಬೀಗ ಕಾಣುವುದಿಲ್ಲ. ಆ ಹೆಂಗಸಿನ ಕಥೆಯನ್ನು ಅವನಿಗೆ ನೆನಪಿಸುವುದೇ ಆದರೆ ಸಂಜೆಯ ಹಗ್ಗದ ವಿಷಯದಲ್ಲಲ್ಲ, ಬೆಳಗಿನ ಬೀಗದ ವಿಷಯದಲ್ಲಿ ನೆನಪಿಸಬೇಕು: ನೀರಿನ ಬಟ್ಟಲು ಮಗುಚಿ ಬಿದ್ದರೆ ಇನ್ನೊಂದು ಇದೆಯೇ? ಬೇಸಿಗೆಯ ಮಧ್ಯಾಹ್ನ ಆ ತಗಡಿನ ಕೆಳಗೆ ಗಾಳಿಯಾಡುತ್ತದೆಯೇ? ಶಿಫ್ಟ್ ಉದ್ದವಾದ ದಿನ ಬಾಗಿಲು ತೆಗೆದು ನೋಡುವವರು ಯಾರಾದರೂ ಇದ್ದಾರೆಯೇ?

ಬೆಕ್ಕು ಓಡಾಡುವ ಜೀವಿ. ಹಝ್ರತ್ ಅಬೂಕತಾದಾ(ರ) ಅವರಿಗೆ ವುಝೂ ಮಾಡಲು ಸೊಸೆ ಕಬ್ಶಾ ನೀರು ತಂದಿಟ್ಟಾಗ ಬೆಕ್ಕೊಂದು ಬಂತು. ಅವರು ಪಾತ್ರೆಯನ್ನೇ ಬಾಗಿಸಿ ಅದಕ್ಕೆ ಕುಡಿಸಿದರು. ಸೊಸೆ ಬೆರಗಾಗಿ ನೋಡುತ್ತಿರುವುದನ್ನು ಕಂಡು, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ನಡುವೆ ಸುತ್ತಾಡುತ್ತಿರುವ ಜೀವಿಗಳಲ್ಲೊಂದು ಎಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ತಿಳಿಸಿದರು. (ಅಬೂದಾವೂದ್, ತಿರ್ಮಿದಿ) ಮನೆಯೊಳಗೆ ಬಂದು ಹೋಗುವ ಸೇವಕರ ಮತ್ತು ಮಕ್ಕಳ ವಿಷಯದಲ್ಲಿ ಸೂರಃ ಅನ್ನೂರ್‌ನಲ್ಲಿ ಬಳಕೆಯಾಗಿರುವುದೂ ಇದೇ ಮೂಲದ ಶಬ್ದ. ಬೆಕ್ಕು ಮುಟ್ಟಿದ ನೀರಿಗೆ ನಮಗೆ ಸಿಕ್ಕಿದ ರಿಯಾಯಿತಿಯೇ ಅದರ ಸುತ್ತಾಟದ ಕಾರಣದಿಂದ. ಆ ಸುತ್ತಾಟವನ್ನು ಕಿತ್ತುಕೊಂಡವನು ಬದಲಿಗೆ ಏನನ್ನಾದರೂ ಕೊಡಬೇಡವೇ? ಸಂಜೆಯ ನಡಿಗೆ ಆ ಬದಲಿಯ ಒಂದು ಸಣ್ಣ ಪಾಲು ಅಷ್ಟೆ.

ಕೆಲಸಕ್ಕೆ ಹೋಗುವಾಗ ಬೆಕ್ಕನ್ನು ಒಯ್ಯುವುದಂತೂ ನಮ್ಮಲ್ಲಿ ಹೊಸದಲ್ಲ. ಅತಿ ಹೆಚ್ಚು ಹದೀಸ್ ವರದಿ ಮಾಡಿದ ಸಹಾಬಿಯ ಹೆಸರೇ 'ಬೆಕ್ಕಿನ ಮರಿಯ ಅಪ್ಪ'. ಆ ಹೆಸರು ಹೇಗೆ ಬಂತೆಂದು ಕೇಳಿದಾಗ ಅವರು ಹೇಳಿದ್ದು ತಿರ್ಮಿದಿಯಲ್ಲಿದೆ. ಮನೆಯವರ ಕುರಿ ಕಾಯುತ್ತಿದ್ದಾಗ ಅವರ ಬಳಿ ಒಂದು ಪುಟ್ಟ ಬೆಕ್ಕಿನ ಮರಿಯಿತ್ತು. ರಾತ್ರಿ ಅದನ್ನು ಒಂದು ಮರದಲ್ಲಿ ಇಡುತ್ತಿದ್ದರು, ಹಗಲು ಜೊತೆಗೆ ಕರೆದೊಯ್ದು ಅದರೊಡನೆ ಆಡುತ್ತಿದ್ದರು. ಒಂಟಿಯಾಗಿ ದುಡಿಯುವವನಿಗೆ ಒಂದು ಪ್ರಾಣಿಯ ಸಂಗ ಎಷ್ಟು ಹಿತವೆಂದು ಕುರಿ ಕಾದವರಿಗೆ ಗೊತ್ತು. ಮನೆಮಂದಿಯನ್ನು ಬಿಟ್ಟು ಬಂದು ರಾತ್ರಿ ಶಿಫ್ಟ್ ಮುಗಿಸಿ ಖಾಲಿ ಕೋಣೆಯ ಬಾಗಿಲು ತೆರೆಯುವವನಿಗೂ ಗೊತ್ತು. ಅವನನ್ನು ನೋಡಿ ನಗುವ ಮೊದಲು ಇದನ್ನು ಯೋಚಿಸಬೇಕು. ಅಬೂಹುರೈರಾ(ರ) ಅವರ ವಿವರಣೆಯಲ್ಲಿ ಹಗ್ಗದ ಮಾತಿಲ್ಲ, ನಿಜ. ಅದು ತೆರೆದ ಬಯಲು. ವೇಮಗಲ್ ರಸ್ತೆಯಲ್ಲಿ ಟಿಪ್ಪರ್‌ಗಳು, ಟೊಮೆಟೊ ಲಾರಿಗಳು, ಬೀದಿನಾಯಿಗಳು ಇವೆ. ಇಲ್ಲಿ ಹಗ್ಗ ಬೆಕ್ಕಿನ ಪ್ರಾಣ ಉಳಿಸುವ ಸಾಧನವಾಗಬಹುದು.

ಹಾಗೆಂದು ಹಗ್ಗವನ್ನು ಕೊರಳಿಗೇ ಬಿಗಿಯಬಾರದು. ಬೆಕ್ಕು ಬೆದರಿದರೆ ಮೇಲಕ್ಕೆ ನೆಗೆಯುತ್ತದೆ, ಗೋಡೆ ಹತ್ತುತ್ತದೆ. ಆಗ ಕೊರಳಿನ ಪಟ್ಟಿ ಉರುಳಾಗುತ್ತದೆ. ಎದೆ ಮತ್ತು ಭುಜವನ್ನು ಬಳಸಿ ಬರುವ ಪಟ್ಟಿಯೇ ಬೇಕು. ಒಂದು ಪ್ರಯಾಣದಲ್ಲಿ ಪ್ರವಾದಿವರ್ಯರು(ಸ) ಆಳನ್ನು ಕಳುಹಿಸಿ, ಒಂಟೆಗಳ ಕೊರಳಲ್ಲಿದ್ದ ಬಿಲ್ಲಿನ ನಾಣಿನ ಹಾರಗಳನ್ನೆಲ್ಲ ಕತ್ತರಿಸಿಹಾಕಿಸಿದರೆಂದು ಹಝ್ರತ್ ಅಬೂಬಶೀರ್ ಅನ್ಸಾರಿ(ರ) ವರದಿ ಮಾಡಿದ್ದಾರೆ. (ಬುಖಾರಿ, ಮುಸ್ಲಿಮ್) ದೃಷ್ಟಿ ತಾಗದಿರಲೆಂದು ಅವನ್ನು ಕಟ್ಟುತ್ತಿದ್ದುದೇ ಕಾರಣವೆಂದು ಇಮಾಮ್ ಮಾಲಿಕ್(ರಹ) ತಿಳಿದರು. ಓಡುವಾಗ ಅದು ಪ್ರಾಣಿಯ ಕೊರಳನ್ನು ಬಿಗಿದೀತೆಂಬುದು ಕಾರಣವೆಂದು ಇಮಾಮ್ ಅಬೂಹನೀಫಾ(ರಹ) ಅವರ ಶಿಷ್ಯ ಇಮಾಮ್ ಮುಹಮ್ಮದ್(ರಹ) ಹೇಳಿದರು. ಬೆಕ್ಕಿನ ಕೊರಳಿಗೆ ಕರಿದಾರ, ತಾಯತ ಕಟ್ಟುವವರು ಈ ಎರಡು ಕಾರಣಗಳನ್ನೂ ಒಟ್ಟಿಗೆ ಓದಿಕೊಳ್ಳಬಹುದು.

ಮತ್ತೆ, ಬೆಕ್ಕು ನಾಯಿಯ ಹಾಗೆ ನಡೆಯುವುದಿಲ್ಲ. ನಾಲ್ಕು ಹೆಜ್ಜೆ ಇಟ್ಟು ಕೂರುತ್ತದೆ, ಹುಲ್ಲು ಮೂಸುತ್ತದೆ, ಒಣಗಿದ ಎಲೆಯೊಂದರ ಮೇಲೆ ಹಾರುತ್ತದೆ. ಅದರ ಆಟವೇ ಬೇಟೆಯ ಅಭ್ಯಾಸ. ಅದನ್ನು ನಡೆಸಲು ಹೊರಟವನು ಅದರ ವೇಗದಲ್ಲಿ ನಡೆಯಬೇಕು. ಎಳೆದರೆ ಅದು ಬೆಕ್ಕಿನ ನಡಿಗೆಯಲ್ಲ, ಇವನ ಮೆರವಣಿಗೆ. ಮೊಬೈಲಿನಲ್ಲಿ ಚಿತ್ರ ತೆಗೆಯಲೆಂದೇ ಜನ ತುಂಬಿದ ಬಸ್ ನಿಲ್ದಾಣದ ಬಳಿಗೆ ಒಯ್ದು, ಅದು ನೆಲಕ್ಕೆ ಅಂಟಿ ನಡುಗುತ್ತಿದ್ದರೂ 'ನೋಡಿ, ಎಷ್ಟು ಮುದ್ದು' ಎನ್ನುವುದನ್ನು ಪ್ರೀತಿ ಎನ್ನಲಾರೆ. ಪ್ರಾಣಿಗಳ ಬೆನ್ನನ್ನು ಪೀಠ ಮಾಡಿಕೊಂಡು ಅವುಗಳ ಮೇಲೆ ಕುಳಿತೇ ಹರಟುವುದನ್ನು ತಡೆದ ಹದೀಸ್ ಅಬೂದಾವೂದ್‌ನಲ್ಲಿದೆ. ಪ್ರಾಣಿ ಇರುವುದು ನಮ್ಮ ಪ್ರದರ್ಶನಕ್ಕಲ್ಲ ಎಂಬ ಅರ್ಥ ಅದರಲ್ಲೂ ಅಡಗಿದೆ.

ಎರಡು ಮೂರು ದಿನಗಳ ಕೆಲಸಕ್ಕೆ ಹೋಗುವವನು ಬೆಕ್ಕನ್ನು ಮನೆಯಲ್ಲೇ ಬಿಡುವುದು ಒಳ್ಳೆಯದು. ಪ್ರಯಾಣವೆಂಬುದು ಯಾತನೆಯ ಒಂದು ತುಂಡೆಂದು, ಅದು ಅನ್ನ ನೀರು ನಿದ್ದೆಗಳನ್ನು ಕೆಡಿಸುತ್ತದೆಂದು ಮನುಷ್ಯರಿಗೇ ಹೇಳಲಾಗಿದೆ. ಬೆಕ್ಕಿಗಂತೂ ತನ್ನ ವಾಸನೆ ಹತ್ತಿದ ಜಾಗವೇ ಅರ್ಧ ಜೀವ. ಹೊಸ ಕೋಣೆಗೆ ಹೋದರೆ ಮಂಚದ ಕೆಳಗೆ ಸೇರಿ ದಿನಗಟ್ಟಲೆ ಹೊರಬರದಿರುವುದೂ ಉಂಟು. ಅಮ್ಮನ ಬಳಿಯೋ ತಂಗಿಯ ಬಳಿಯೋ ಬಿಟ್ಟು, ಖರ್ಚಿನ ಹಣವನ್ನೂ ಕೊಟ್ಟು ಹೋಗಲಿ. ತಿಂಗಳುಗಟ್ಟಲೆ ಇರಬೇಕಾದವನು ಒಯ್ಯಬಹುದು. ಆದರೆ ದಾರಿಯಲ್ಲೂ ಮೊದಲ ಪಾಲು ಅದಕ್ಕೆ ಸಲ್ಲಬೇಕು. ತಂಗುದಾಣ ತಲುಪಿದಾಗ ಒಂಟೆಗಳ ಹೊರೆ ಇಳಿಸುವವರೆಗೆ ತಾವು ನಮಾಝಿಗೆ ನಿಲ್ಲುತ್ತಿರಲಿಲ್ಲವೆಂದು ಹಝ್ರತ್ ಅನಸ್(ರ) ಹೇಳಿದ್ದಾರೆ.

ಇಷ್ಟೆಲ್ಲ ಸುಲಭದ ಮಾತಾಯಿತು. ಕಷ್ಟದ ಪ್ರಶ್ನೆ ಬರುವುದು ಗುತ್ತಿಗೆ ಮುಗಿದ ದಿನ. ಹೊಸೂರಿಗೋ ಚೆನ್ನೈಗೋ ವರ್ಗವಾಗುತ್ತದೆ, ಅಲ್ಲಿ ಕೋಣೆಯ ಮಾಲೀಕ ಪ್ರಾಣಿ ತರಬೇಡ ಎನ್ನುತ್ತಾನೆ. ಆಗ ಬೆಕ್ಕನ್ನು ಮೀನಂಗಡಿಯ ಹಿಂದೆಯೋ ಹೋಟೆಲಿನ ಓಣಿಯಲ್ಲೋ ಬಿಟ್ಟು, 'ಅದರ ರಿಝ್ಕ್ ಅದಕ್ಕಿದೆ, ಕೊಡುವವನು ಅಲ್ಲಾಹ್' ಎಂದು ಬಸ್ಸು ಹತ್ತುವವರಿದ್ದಾರೆ. ಮಾತು ಸತ್ಯ, ಆದರೆ ಅದನ್ನು ಬಳಸಿದ ಜಾಗ ತಪ್ಪು. ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭರವಸೆಯಿಡಲೇ ಎಂದು ಕೇಳಿದವನಿಗೆ, ಕಟ್ಟು, ಅನಂತರ ಭರವಸೆಯಿಡು ಎಂಬ ಉತ್ತರ ಸಿಕ್ಕಿತೆಂದು ತಿರ್ಮಿದಿಯಲ್ಲಿದೆ.

ಹದೀಸಿನ ಎರಡು ಬಾಗಿಲುಗಳನ್ನು ಇಲ್ಲಿ ಮತ್ತೆ ನೋಡಬೇಕು. ಆ ಹೆಂಗಸು ಬಿಟ್ಟಿದ್ದರೆ ಬೆಕ್ಕು ಹುಳ ಹಿಡಿದು ತಿಂದು ಬದುಕುತ್ತಿತ್ತು, ಏಕೆಂದರೆ ಅದಕ್ಕೆ ಬದುಕಲು ಬರುತ್ತಿತ್ತು. ಮರಿಯಾಗಿದ್ದಾಗಿನಿಂದ ಕೋಣೆಯಲ್ಲಿ ಬೆಳೆದ, ಪೊಟ್ಟಣದ ಆಹಾರ ತಿಂದ, ಹಗ್ಗದ ಆಚೆಯ ಲೋಕವನ್ನೇ ಅರಿಯದ ಬೆಕ್ಕಿಗೆ ಆ ಬಿಡುಗಡೆ ಬಿಡುಗಡೆಯಲ್ಲ. ಇಲಿಯನ್ನು ಅದು ಆಟದ ವಸ್ತುವೆಂದು ತಿಳಿದಿದೆ. ನಾಯಿ ಎದುರಾದರೆ ಯಾವ ಕಡೆ ಓಡಬೇಕೆಂದು ಕಲಿತಿಲ್ಲ. ಎರಡನೆಯ ಬಾಗಿಲನ್ನು ಮುಚ್ಚಿದವರು ಸಾಕಿದವರೇ. ಇನ್ನು ಅವರಿಗೆ ಉಳಿದಿರುವುದು ಮೊದಲನೆಯದು ಮಾತ್ರ. ಏಳನೆಯ ಹಿಜರಿ ಶತಮಾನದ ವಿದ್ವಾಂಸ ಇಝ್ಝುದ್ದೀನ್ ಬಿನ್ ಅಬ್ದಿಸ್ಸಲಾಮ್(ರಹ) ಪ್ರಾಣಿಗಳಿಗೆ ಮನುಷ್ಯರ ಮೇಲಿರುವ ಹಕ್ಕುಗಳನ್ನು ಬರೆಯುತ್ತಾ, ಮುದಿಯಾಗಿ ಅಥವಾ ರೋಗ ಬಂದು ಉಪಯೋಗಕ್ಕೆ ಬಾರದಂತಾದರೂ ಅವುಗಳ ಖರ್ಚು ಒಡೆಯನದೇ ಎಂದಿದ್ದಾರೆ. ಹಾಗೆ ಉಣಿಸದವನನ್ನು ಕಾಝಿ ಬಲವಂತಪಡಿಸಬಹುದೇ ಎಂಬಲ್ಲಿ ಶಾಫಿಈ ಮತ್ತು ಹನಫಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಅಲ್ಲಾಹನ ಮುಂದೆ ಅವನು ಹೊಣೆಗಾರನೆಂಬಲ್ಲಿ ಇಲ್ಲ. ದೇಶದ ಕಾನೂನೂ ಇದನ್ನು ಕಡೆಗಣಿಸಿಲ್ಲ: 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಲ್ಲಿ, ತೀರಾ ಗಿಡ್ಡ ಅಥವಾ ಭಾರದ ಹಗ್ಗದಲ್ಲಿ ಹೊತ್ತುಗಟ್ಟಲೆ ಕಟ್ಟಿಡುವುದು ಮಾತ್ರವಲ್ಲ, ಹಸಿವೆ ಬಾಯಾರಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆದುಹೋಗುವುದೂ ಅಪರಾಧ.

ಹಾಗಾದರೆ ಬಡ ಕಾರ್ಮಿಕ ಏನು ಮಾಡಬೇಕು? ಒಯ್ಯಲು ನಿಜವಾಗಿಯೂ ಸಾಧ್ಯವಿಲ್ಲದಿದ್ದರೆ ಕೊಡಲು ಒಂದು ಮನೆ ಹುಡುಕಬೇಕು. ಕೊನೆಯ ವಾರದಲ್ಲಲ್ಲ, ಹೊರಡುವ ಸುದ್ದಿ ಬಂದ ದಿನದಿಂದಲೇ. ಸುತ್ತಲಿನ ಹಳ್ಳಿಗಳಲ್ಲಿ ಬೆಕ್ಕು ಬೇಕೆನ್ನುವ ಮನೆಗಳು ಸಿಗುತ್ತವೆ. ಆದರೆ ಇದು ಇಲಿ ಹಿಡಿಯುವ ಬೆಕ್ಕಲ್ಲ ಎಂದು ಮೊದಲೇ ಹೇಳಿಬಿಡಬೇಕು. ಒಂದೆರಡು ಸಂಜೆ ತಾನೇ ಅಲ್ಲಿಗೆ ಕರೆದೊಯ್ದು, ಅಂಗಳದಲ್ಲಿ ಹಗ್ಗ ಸಡಿಲ ಬಿಟ್ಟು ಕೂರಲಿ. ಆ ಮನೆಯ ಮಕ್ಕಳ ಕೈಯಿಂದ ಅದು ತಿನ್ನುತ್ತದೆಯೇ ನೋಡಲಿ. ಅದು ಮಲಗುತ್ತಿದ್ದ ಬಟ್ಟೆಯನ್ನು, ಮರಳಿನ ತಟ್ಟೆಯನ್ನು, ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಚೀಟಿಯನ್ನು, ಒಂದು ತಿಂಗಳ ಆಹಾರವನ್ನು ಜೊತೆಗೇ ಕೊಡಲಿ. ಊರು ಬಿಟ್ಟ ಮೇಲೂ ಆಗಾಗ ಫೋನ್ ಮಾಡಿ ವಿಚಾರಿಸಲಿ. ಅವರು ಬೇಡವೆಂದರೆ ಮರಳಿ ಬಂದು ಒಯ್ಯುವುದು ಅವನ ಪಾಲಿಗೇ ಇದೆ.