ಉಪವಾಸ ಮತ್ತು ಅನ್ನಮಾರ್ಗದ ಭಿತ್ತಿ





ಕಡೂರು, ತರೀಕೆರೆ, ಅಜ್ಜಂಪುರಗಳ ನಮ್ಮ ಮನೆಗಳಲ್ಲಿ ದಶಲಕ್ಷಣ ಪರ್ವ ಬಂತೆಂದರೆ ಒಂದು ಮಾತು ಕೇಳಿಬರುವುದು ವಾಡಿಕೆ: “ಈ ದಿನ ಉಪವಾಸ, ಕರುಳಿಗೆ ಪೂರ್ಣ ವಿಶ್ರಾಂತಿ.” ಮಾತು ಭಕ್ತಿಯದು, ಆದರೆ ನಿಜವಲ್ಲ. ಉಪವಾಸಿಯ ಒಡಲಲ್ಲಿ ಅನ್ನವಿಲ್ಲವೇ ಹೊರತು ಕೆಲಸ ನಿಂತಿರುವುದಿಲ್ಲ. ಇದನ್ನರಿಯದವರು ವ್ರತವನ್ನು ಹಿಡಿಯುವಾಗ ಅಲ್ಲ, ಪಾರಣೆಯ ದಿನ ಕಷ್ಟಕ್ಕೆ ಒಳಗಾಗುತ್ತಾರೆ.

ಅನ್ನಮಾರ್ಗದ ಭಿತ್ತಿಯು ಬಾಳೆಯ ಕಂಬದಂತೆ ಪದರ ಪದರವಾಗಿದೆ. ಮುಖ್ಯವಾದವು ನಾಲ್ಕು. ಹೊರಗೆ ತೆಳುವಾದ ಹೊದಿಕೆ. ಅದರೊಳಗೆ ಸ್ನಾಯುಪದರ: ಉದ್ದುದ್ದನೆಯ ಎಳೆಗಳು ಹೊರಗೆ, ಬಳೆಯಂತೆ ಸುತ್ತಿದ ಎಳೆಗಳು ಒಳಗೆ, ನಡುವೆ ನರಗಳ ಬಲೆ. ಅನಂತರ ರಕ್ತನಾಳಗಳು ಹಬ್ಬಿದ ಮೆತ್ತನೆಯ ಪದರ. ಎಲ್ಲಕ್ಕಿಂತ ಒಳಗಿನದು ಲೋಳೆಪೊರೆ.

ಜಠರದ ಆಮ್ಲ ಬಲು ತೀಕ್ಷ್ಣ. ಅದು ತನ್ನ ಪಾತ್ರೆಯನ್ನೇ ಸುಡದಿರುವುದು ಈ ಪೊರೆ ಸ್ರವಿಸುವ ಲೋಳೆ ಮತ್ತು ಕ್ಷಾರಗಳಿಂದ. ಸಣ್ಣ ಕರುಳಿನ ಪೊರೆಯ ಜೀವಕೋಶಗಳಾದರೋ ಮೂರರಿಂದ ಐದು ದಿನಗಳಲ್ಲಿ ಉದುರಿ ಹೊಸವು ಬರುತ್ತವೆ. ಪರ್ವದ ಪಂಚಮಿಯಂದು ಇದ್ದ ಪೊರೆ ಅನಂತ ಚತುರ್ದಶಿಯ ಹೊತ್ತಿಗೆ ಎರಡು ಬಾರಿಯಾದರೂ ಬದಲಾಗಿರುತ್ತದೆ. ಅನಿತ್ಯಾನುಪ್ರೇಕ್ಷೆಗೆ ನೀರ ಗುಳ್ಳೆಯ ದೃಷ್ಟಾಂತವನ್ನು ಎಷ್ಟೋ ವರ್ಷ ಕೊಟ್ಟವನು ನಾನು. ಇದಕ್ಕಿಂತ ಹತ್ತಿರದ ದೃಷ್ಟಾಂತ ಒಡಲಲ್ಲೇ ಇತ್ತು.

ಬಸದಿಯಲ್ಲಿ ಶಾಸ್ತ್ರ ಕೇಳುವಾಗ ಉಪವಾಸಿಯ ಹೊಟ್ಟೆ ಗುಡುಗಿದರೆ ಪಕ್ಕದವರು ನಗುತ್ತಾರೆ. ನಗಬೇಕಾದುದಲ್ಲ. ಬರಿಯ ಹೊಟ್ಟೆಯಲ್ಲಿ ಸುಮಾರು 90ರಿಂದ 120 ನಿಮಿಷಗಳಿಗೊಮ್ಮೆ ಸ್ನಾಯುಪದರದ ಅಲೆಯೊಂದು ಜಠರದಿಂದ ಹೊರಟು ಸಣ್ಣ ಕರುಳಿನ ತುದಿಯವರೆಗೆ ಉಳಿದುದನ್ನು ಗುಡಿಸಿಕೊಂಡು ಹೋಗುತ್ತದೆ. ತುತ್ತು ಬಿದ್ದೊಡನೆ ಆ ಅಲೆ ನಿಲ್ಲುತ್ತದೆ. ದಿನವಿಡೀ ಏನಾದರೊಂದು ಮೆಲ್ಲುವವನ ಮನೆಗೆ ಕಸಬರಿಗೆಯೇ ಬರದು. ಏಕಭುಕ್ತದ ಲೌಕಿಕ ಪ್ರಯೋಜನ ಇದು.

ಸಣ್ಣ ಕರುಳಿನ ಪೊರೆಯ ಮೇಲೆ ಎಳೆಗೂದಲಿನಂಥ ಅಂಕುರಗಳಿವೆ. ಅನ್ನಮಾರ್ಗದ ಒಳಮೈಯನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು 30 ಚದರ ಮೀಟರ್. ಟೆನ್ನಿಸ್ ಅಂಗಣದಷ್ಟು ಎಂದು ಹಳೆಯ ಪುಸ್ತಕಗಳೂ ಹೇಳಿದುವು, ನಾನೂ ಮಕ್ಕಳಿಗೆ ಹೇಳಿದೆ. ಅದು ಹೆಚ್ಚಾಯಿತೆಂದು 2014ರಲ್ಲಿ ಪ್ರಕಟವಾದ ಅಳತೆ ತೋರಿಸಿತು. ಈ ಪೊರೆ ತನ್ನ ಪೋಷಣೆಯ ಬಹುಭಾಗವನ್ನು ಹಾದುಹೋಗುವ ಅನ್ನದಿಂದಲೇ ಪಡೆಯುತ್ತದೆ. ನಿರಾಹಾರದ ದಿನಗಳು ಬೆಳೆದಂತೆ ಅಂಕುರಗಳು ಕುಗ್ಗತೊಡಗುತ್ತವೆ, ಪಚನದ ಕಿಣ್ವಗಳೂ ಇಳಿಯುತ್ತವೆ.

ಪ್ರಾಯದಲ್ಲಿ ನಾನು ಎಂಟು ಉಪವಾಸ ಮುಗಿಸಿ, ಪಾರಣೆಗೆ ಹೋಳಿಗೆ ತುಪ್ಪ ಉಂಡೆ. ಎಂಟು ದಿನ ಆಗದ ಸಂಕಟ ಆ ಒಂದು ರಾತ್ರಿ ಆಯಿತು. ತಪಸ್ಸನ್ನು ದೂರಿದೆ, ತಪ್ಪು ನಾಲಗೆಯದು.

ಕಡೂರಿನ ಕ್ರಿ.ಶ. 971ರ ಶಾಸನವನ್ನು ಬಲ್ಲವರು ಬಲ್ಲರು. ಗಂಗ ಬೂತುಗನ ಅಕ್ಕ ಪಾಂಬಬ್ಬೆ ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷ ತಪವನ್ನಾಚರಿಸಿದಳು. ಅರಮನೆಯ ಊಟದ ಒಡಲು, ಮೂವತ್ತು ವರ್ಷದ ತಪಸ್ಸು! ಹಟದಿಂದ ಇದು ಸಾಧ್ಯವೇ? ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ವೆಂದು ಒಂದನ್ನು ಬೇರೆಯಾಗಿ ಎಣಿಸಿರುವುದು ಸುಮ್ಮನೆಯಲ್ಲ. ತತ್ತ್ವಾರ್ಥಸೂತ್ರವು ಬಾಹ್ಯ ತಪಗಳಲ್ಲಿ ಅನಶನದ ಬೆನ್ನಿಗೇ ಅವಮೌದರ್ಯವನ್ನು ಇಟ್ಟಿದೆ. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28 ಎಂದು ಆಚಾರ್ಯರ ಲೆಕ್ಕ. ಅದಕ್ಕಿಂತ ಒಂದು ತುತ್ತು ಕಡಿಮೆ ಉಂಡರೂ ತಪವೇ.

ಸಕ್ಕರೆ ರೋಗಕ್ಕೆ ಸೂಜಿಮದ್ದು ಪಡೆಯುವವರು, ಗರ್ಭಿಣಿಯರು, ಹೊಟ್ಟೆಹುಣ್ಣಿನವರು ನಿರ್ಜಲ ಉಪವಾಸಕ್ಕೆ ಕೈಯಿಕ್ಕದೆ ಅವಮೌದರ್ಯವನ್ನು ಹಿಡಿಯಲಿ. ಬರಿಹೊಟ್ಟೆಯಲ್ಲಿ ನೋವಿನ ಗುಳಿಗೆ ನುಂಗುವುದು ಜಠರದ ಪೊರೆಗೆ ಕೇಡು. ಐದು ದಿನ ಮೀರಿದ ನಿರಾಹಾರದ ಅನಂತರ ಒಮ್ಮೆಲೇ ಉಂಡರೆ ರಕ್ತದಲ್ಲಿನ ಲವಣಗಳು ಕುಸಿದು ಹೃದಯಕ್ಕೂ ಅಪಾಯ. ವಯಸ್ಸಾದವರು ಸಂಕಲ್ಪಕ್ಕೆ ಮುಂಚೆಯೇ ವೈದ್ಯರಿಗೆ ತಿಳಿಸಬೇಕು. ಪಾರಣೆಗೆ ಮೊದಲು ಸೋಸಿ ಕಾಯಿಸಿದ ನೀರು, ಬಳಿಕ ಹೆಸರುಬೇಳೆಯ ಕಟ್ಟು, ಅಕ್ಕಿಯ ತೆಳುಗಂಜಿ, ಅದೂ ಸ್ವಲ್ಪಸ್ವಲ್ಪವಾಗಿ. ಹೋಳಿಗೆ ಮೂರನೆಯ ದಿನಕ್ಕಿರಲಿ.